ತಾಳ ಒಂದೇ, ಹೆಜ್ಜೆ ಬೇರೆ ಬೇರೆ: ಸೇನೆಗಳ ನಡಿಗೆಯ ಅಳತೆ ಮತ್ತು ನಮ್ಮ ಶಾಲೆಗಳ ಪಥಸಂಚಲನ

ನಮ್ಮ ಭಾಗದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಬೇರೆ ಕಡೆಯವರಿಗಿಂತ ಒಂದು ಕೆಲಸ ಹೆಚ್ಚು. ಆಗಸ್ಟ್ 15 ಮತ್ತು ಜನವರಿ 26 ಎಲ್ಲರಿಗೂ ಇದ್ದದ್ದೇ. ನಮಗೆ ಇವೆರಡರ ನಡುವೆ ಸೆಪ್ಟೆಂಬರ್ 17 ಕೂಡ ಇದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನದ ಆಳ್ವಿಕೆ ಮುಗಿದ ಆ ದಿನವನ್ನು ಕಲ್ಯಾಣ ಕರ್ನಾಟಕ ಉತ್ಸವವೆಂದು ಆಚರಿಸುತ್ತೇವೆ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಅಂದು ಮತ್ತೊಮ್ಮೆ ಧ್ವಜ ಏರುತ್ತದೆ. ಆಮೇಲೆ ನವೆಂಬರ್ 1. ಹೀಗೆ ಶಾಲೆಯ ಅರ್ಧ ವರ್ಷ ಯಾವುದಾದರೊಂದು ಪಥಸಂಚಲನದ ತಯಾರಿಯಲ್ಲೇ ಸಾಗುತ್ತದೆ. ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಶಾಲೆಯಲ್ಲಿ ಮುಖ್ಯಗುರುಗಳು ಮೊದಲು ನೋಡುವುದು ನಮ್ಮವರ ಕಡೆಗೇ: "ಹೊಸದಾಗಿ ಬಂದೀರಿ, ಹುಡುಗರನ್ನ ಸ್ವಲ್ಪ ಮೈದಾನದಾಗ ನಡಸ್ರಿ."

ನಡೆಸುವುದು ಹೇಗೆ ಎಂಬುದಕ್ಕೆ ಬಿ.ಇಡಿ. ಪಠ್ಯದಲ್ಲಿ ಹೆಚ್ಚಿನ ಸಹಾಯ ಸಿಗುವುದಿಲ್ಲ. ಪ್ರಶಿಕ್ಷಣಾರ್ಥಿ ತಾನು ಕಲಿತದ್ದನ್ನೇ ಕಲಿಸುತ್ತಾನೆ. ಎನ್‌ಸಿಸಿಯಲ್ಲಿ ಇದ್ದವನು ಎನ್‌ಸಿಸಿಯ ಹೆಜ್ಜೆ, ಸೇವಾದಳದ ಶಿಬಿರಕ್ಕೆ ಹೋಗಿದ್ದವಳು ಅಲ್ಲಿಯ ಹೆಜ್ಜೆ, ಏನೂ ಇಲ್ಲದವನು ಮೊಬೈಲಿನಲ್ಲಿ ದೆಹಲಿಯ ಪರೇಡ್ ನೋಡಿ ಕಲಿತ ಹೆಜ್ಜೆ. ಕಳೆದ ಸಾಲಿನಲ್ಲಿ ಒಂದು ಅಭ್ಯಾಸ ಶಾಲೆಯಲ್ಲಿ ಇಬ್ಬರು ಪ್ರಶಿಕ್ಷಣಾರ್ಥಿಗಳು ಆರನೆಯ ಮತ್ತು ಎಂಟನೆಯ ತರಗತಿಯ ಎರಡು ತುಕಡಿಗಳನ್ನು ಬೇರೆ ಬೇರೆಯಾಗಿ ತಯಾರು ಮಾಡಿದ್ದರು. ಎರಡೂ ಅಚ್ಚುಕಟ್ಟಾಗಿದ್ದವು. ಒಂದೇ ಡ್ರಮ್ಮಿಗೆ ಒಟ್ಟಿಗೆ ನಡೆಸಿದಾಗ ಮಾತ್ರ ಹಿಂದಿನ ತುಕಡಿ ಮೈದಾನದ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನವರ ಹಿಮ್ಮಡಿ ತುಳಿಯತೊಡಗಿತು. ಎಡ-ಬಲ ಎರಡರಲ್ಲೂ ಕೂಡಿತ್ತು, ತಾಳ ತಪ್ಪಿರಲಿಲ್ಲ. ಹಾಗಾದರೆ ತಪ್ಪಿದ್ದು ಏನು? ವಾರದ ಚರ್ಚೆಯಲ್ಲಿ ಈ ಪ್ರಶ್ನೆ ಬಂತು. ಅದರ ಬೆನ್ನಿಗೆ ಇನ್ನೊಂದು: ಸರಿಯಾದ ಹೆಜ್ಜೆ ಅಂದರೆ ಯಾವುದು? ಈ ಲೇಖನ ಆ ಎರಡು ಪ್ರಶ್ನೆಗಳಿಗೆ ಸಂಬಂಧಿಸಿದ್ದು.

ಹೆಜ್ಜೆಗೆ ಎರಡು ಅಳತೆಗಳಿವೆ. ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಎಂಬುದು. ಇದನ್ನು ಇಲ್ಲಿ ತಾಳ ಎನ್ನೋಣ. ಇನ್ನೊಂದು ಒಂದು ಹಿಮ್ಮಡಿಯಿಂದ ಮುಂದಿನ ಹಿಮ್ಮಡಿಗೆ ಎಷ್ಟು ದೂರ ಎಂಬುದು. ಇದು ಹೆಜ್ಜೆಯ ಉದ್ದ. ತಾಳ ಕಿವಿಗೆ ಕೇಳುತ್ತದೆ, ತಪ್ಪಿದರೆ ಮಕ್ಕಳೇ ಗುರುತಿಸುತ್ತಾರೆ. ಉದ್ದ ಕೇಳುವುದಿಲ್ಲ, ಪಕ್ಕದಲ್ಲಿ ನಿಂತು ನೋಡಿದರೂ ಸುಲಭಕ್ಕೆ ತಿಳಿಯುವುದಿಲ್ಲ. ನಮ್ಮ ಶಾಲೆಗಳ ಕವಾಯತಿನಲ್ಲಿ ಮೊದಲನೆಯದಕ್ಕೆ ಸಿಗುವ ಗಮನದ ಕಾಲು ಭಾಗವೂ ಎರಡನೆಯದಕ್ಕೆ ಸಿಗುವುದಿಲ್ಲ.

ಇದು ಎಷ್ಟು ಮುಖ್ಯ ಎಂಬುದಕ್ಕೆ ಒಂದೇ ದೇಶದ ಸೇನೆಗಳ ಉದಾಹರಣೆ ಸಾಕು. ಅಮೆರಿಕದ ಭೂಸೇನೆಯ ಕವಾಯತು ಕೈಪಿಡಿಯ ಪ್ರಕಾರ ತೇಜ್ ನಡಿಗೆಯ ಹೆಜ್ಜೆ 30 ಇಂಚು, ನಿಮಿಷಕ್ಕೆ 120. ಅಲ್ಲಿಯ ಮೆರೀನ್ ದಳಕ್ಕೂ ಅಷ್ಟೇ. ಅದೇ ದೇಶದ ವಾಯುಸೇನೆಯ ಕೈಪಿಡಿ ಹೇಳುವುದು 24 ಇಂಚಿನ ಹೆಜ್ಜೆಯನ್ನು. ತಾಳ ನಿಮಿಷಕ್ಕೆ 100ರಿಂದ 120. ಈಗ ಇಬ್ಬರನ್ನೂ ಒಂದೇ ಬ್ಯಾಂಡಿಗೆ, 120ರ ತಾಳಕ್ಕೆ, ಒಂದೇ ಗೆರೆಯಿಂದ ಹೊರಡಿಸಿ. ಒಂದು ನಿಮಿಷದಲ್ಲಿ ಭೂಸೇನೆಯವರು 120 × 30, ಅಂದರೆ 3600 ಇಂಚು, ಸುಮಾರು 91 ಮೀಟರ್ ಹೋಗುತ್ತಾರೆ. ವಾಯುಸೇನೆಯವರು 2880 ಇಂಚು, ಸುಮಾರು 73 ಮೀಟರ್. ಎಲ್ಲರ ಎಡಗಾಲೂ ಒಂದೇ ಕ್ಷಣಕ್ಕೆ ನೆಲ ಮುಟ್ಟಿರುತ್ತದೆ, ಆದರೂ ನಡುವೆ 18 ಮೀಟರ್ ಅಂತರ. ನಮ್ಮ ಅಭ್ಯಾಸ ಶಾಲೆಯಲ್ಲಿ ಆದದ್ದು ಇದೇ. ಎಂಟನೆಯ ತರಗತಿಯವರನ್ನು ಹಿಂದೆ ನಿಲ್ಲಿಸಿದ್ದರು, ಅವರ ಕಾಲು ಉದ್ದ.

ಓಡುನಡಿಗೆಯಲ್ಲೂ ಹೀಗೆಯೇ. ಅಮೆರಿಕದ ಭೂಸೇನೆ ಮತ್ತು ಮೆರೀನ್ ದಳ ಎರಡಕ್ಕೂ ನಿಮಿಷಕ್ಕೆ 180 ಹೆಜ್ಜೆ. ಒಬ್ಬರದು 30 ಇಂಚು, ಇನ್ನೊಬ್ಬರದು 36.

ತಾಳವೇ ಬೇರೆಯಾಗಿರುವ ಉದಾಹರಣೆಗಳೂ ಇವೆ. ಬ್ರಿಟಿಷ್ ಸೇನೆಯಲ್ಲಿ ಸಾಮಾನ್ಯ ತೇಜ್ ನಡಿಗೆ 120. ಲಂಡನ್ನಿನ ಅರಮನೆಯ ಕಾವಲಿನ ಫುಟ್ ಗಾರ್ಡ್ಸ್ ದಳಗಳು 116ರ ಆಸುಪಾಸಿನಲ್ಲಿ, ಸ್ವಲ್ಪ ಗತ್ತಿನಿಂದ ನಡೆಯುತ್ತವೆ. ರೈಫಲ್ಸ್ ದಳದವರು ಮತ್ತು ಅಲ್ಲಿಯ ಗೂರ್ಖಾ ದಳದವರು 140ರಲ್ಲಿ ನಡೆಯುತ್ತಾರೆ. ಹಿಂದೆ ರೈಫಲ್ ಮತ್ತು ಲೈಟ್ ಇನ್‌ಫಂಟ್ರಿ ತುಕಡಿಗಳು ಮುಖ್ಯ ಸೇನೆಗಿಂತ ಮುಂದೆ ಹರಡಿಕೊಂಡು, ಬೇಗ ಜಾಗ ಬದಲಿಸುತ್ತಾ ಕಾದಾಡುವವು. ಕೆಲಸ ಬದಲಾದರೂ ಹೆಜ್ಜೆ ಉಳಿದುಕೊಂಡಿತು. ಇದಕ್ಕೆ ತೀರ ವಿರುದ್ಧ ಫ್ರಾನ್ಸಿನ ವಿದೇಶಿ ದಳ, ಅಂದರೆ ಫಾರಿನ್ ಲೀಜನ್. ಅವರದು ನಿಮಿಷಕ್ಕೆ 88 ಹೆಜ್ಜೆ ಮಾತ್ರ. ಪ್ಯಾರಿಸ್ಸಿನಲ್ಲಿ ಜುಲೈ 14ರ ಪರೇಡಿನಲ್ಲಿ ಉಳಿದವರೆಲ್ಲ 120ರಲ್ಲಿ ಸಾಗುವುದರಿಂದ ಲೀಜನ್ನನ್ನು ನಡೆದು ಹೋಗುವ ತುಕಡಿಗಳ ಕೊನೆಗೆ ಇಡುತ್ತಾರೆ. ಮಧ್ಯದಲ್ಲಿ ಇಟ್ಟರೆ ಹಿಂದಿನವರೆಲ್ಲ ಬಂದು ಅವರ ಬೆನ್ನಿಗೆ ಹತ್ತಬೇಕಾಗುತ್ತದೆ. ಪರೇಡಿನಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಗೌರವದ ಪ್ರಶ್ನೆ ಮಾತ್ರವಲ್ಲ, ಗುಣಾಕಾರದ ಪ್ರಶ್ನೆಯೂ ಹೌದು.

ನಮ್ಮ ಭಾರತೀಯ ಭೂಸೇನೆ ಬಳಸುವ ಅಳತೆಗಳು ಬ್ರಿಟಿಷರ ಕಾಲದಿಂದ ಬಂದವು. ತೇಜ್ ಚಲ್ ನಿಮಿಷಕ್ಕೆ 120, ಹೆಜ್ಜೆ 30 ಇಂಚು. ಧೀರೇ ಚಲ್ 70. ದೌಡ್ ಚಲ್ 180, ಹೆಜ್ಜೆ 40 ಇಂಚು. ಇವು ಪಾಠ ಮಾಡಿಸಲು ಒಳ್ಳೆಯ ಸಂಖ್ಯೆಗಳು. ಮಕ್ಕಳಿಂದಲೇ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕಿಸಿ: ತೇಜ್ ಚಲ್ ಸುಮಾರು 5.5, ಧೀರೇ ಚಲ್ 3.2, ದೌಡ್ ಚಲ್ ಸುಮಾರು 11. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಮೂರೂ ಸೇನೆಗಳು ನಮ್ಮಲ್ಲೇ ಇವೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ, ಅಲ್ಲಿಯೇ ಸಾಂಬ್ರಾದಲ್ಲಿ ವಾಯುಸೇನೆಯ ಏರ್‌ಮೆನ್ ತರಬೇತಿ ಶಾಲೆ, ಕಾರವಾರದಲ್ಲಿ ನೌಕಾಪಡೆಯ ಕದಂಬ ನೆಲೆ, ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲಂತೂ ನಮ್ಮ ಪ್ರೌಢಶಾಲೆಗಳ ಎಷ್ಟೋ ಹುಡುಗರಿಗೆ ಈ ಊರುಗಳ ಹೆಸರು ಬಾಯಿಪಾಠ. ನಸುಕಿನಲ್ಲಿ ಯಾದಗಿರಿಯ ಹೊರವಲಯದ ರಸ್ತೆಗಳಲ್ಲಿ ಓಡುವವರಲ್ಲಿ ಅವರೂ ಇರುತ್ತಾರೆ. ಇಂಥವರಿಗೆ ಪಥಸಂಚಲನ ಆಟವಲ್ಲ, ಅದನ್ನು ಅರೆಬರೆ ಕಲಿಸಬಾರದು.

ಆದರೆ ಸೈನಿಕರ ಅಳತೆಯನ್ನು ಹಾಗೆಯೇ ಐದನೆಯ ತರಗತಿಗೆ ಇಳಿಸಬೇಕೆಂದು ಇದರ ಅರ್ಥವಲ್ಲ. ಅದಕ್ಕೆ ಬರುವ ಮೊದಲು ಈ 30 ಇಂಚು, ಈ 120 ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪ ನೋಡಬೇಕು. ಇವು ಕಲ್ಲಿನಲ್ಲಿ ಕೊರೆದ ಸಂಖ್ಯೆಗಳೆಂಬ ಭಾವನೆ ನಮ್ಮವರಲ್ಲಿ ಬಲವಾಗಿದೆ.

ಬ್ರಿಟಿಷ್ ಸೇನೆಯಲ್ಲಿ 1792ರಲ್ಲಿ ಡೇವಿಡ್ ಡಂಡಾಸ್ ಎಂಬ ಅಧಿಕಾರಿಯ ಬರಹದ ಆಧಾರದ ಮೇಲೆ ಇಡೀ ಸೇನೆಗೆ ಒಂದೇ ಕವಾಯತು ನಿಯಮ ಬಂತು. ಅದರಲ್ಲಿ ಹೆಜ್ಜೆ 30 ಇಂಚೇ. ತಾಳ ಮಾತ್ರ ಬೇರೆ: ಸಾಧಾರಣ ನಡಿಗೆ ನಿಮಿಷಕ್ಕೆ 75, ಬೇಗದ ನಡಿಗೆ 108. 120 ಎಂಬುದು ಸಾಲು ತಿರುಗುವಾಗ ಮಾತ್ರ ಬಳಸುವ, ಎಲ್ಲಕ್ಕಿಂತ ವೇಗದ ಹೆಜ್ಜೆ. ಇಂದು ನಾವು ಸಾಮಾನ್ಯವೆಂದುಕೊಂಡದ್ದು ಅಂದಿನವರಿಗೆ ತಿರುವಿನ ಆತುರ. ಅಮೆರಿಕದಲ್ಲಿ ಅದಕ್ಕೂ ಮೊದಲು, 1779ರಲ್ಲಿ, ಪ್ರಷ್ಯಾದಿಂದ ಬಂದ ಸ್ಟೂಬೆನ್ ಬರೆದ ನಿಯಮಗಳಲ್ಲಿ ಹೆಜ್ಜೆ 2 ಅಡಿ, ಅಂದರೆ 24 ಇಂಚು. ಸಾಧಾರಣ ತಾಳ 75ರಷ್ಟು, ಬೇಗದ್ದು 120. ಇಂದಿನ ಅಮೆರಿಕದ ವಾಯುಸೇನೆಯ ಹೆಜ್ಜೆಯ ಉದ್ದವೂ ಅಷ್ಟೇ. 20ನೆಯ ಶತಮಾನದ ಆರಂಭದ ಬ್ರಿಟಿಷ್ ಪದಾತಿ ಕೈಪಿಡಿಗಳಲ್ಲಂತೂ ಒಂದೇ ದಳಕ್ಕೆ ಹಲವು ಉದ್ದಗಳು: ಸಾಮಾನ್ಯ ಹೆಜ್ಜೆ 30 ಇಂಚು, ನೀಳ ಹೆಜ್ಜೆ 33, ಗಿಡ್ಡ ಹೆಜ್ಜೆ 21, ಓಟದಲ್ಲಿ 40. 21 ಇಂಚು ಅಂದರೆ ಸುಮಾರು 53 ಸೆಂ.ಮೀ. ಗಿಡ್ಡ ಹೆಜ್ಜೆ ಹಾಕಿದರೆ ಅದು ಕವಾಯತೇ ಅಲ್ಲ ಎನ್ನುವವರು ಈ ಸಂಖ್ಯೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಗಡಿಯಾರದ ಸೆಕೆಂಡಿನ ಮುಳ್ಳು ಎಲ್ಲರ ಕೈಯಲ್ಲಿ ಇಲ್ಲದ ಆ ಕಾಲದಲ್ಲಿ 75, 108, 120 ಎಂದು ತಾಳ ಕೂಡಿಸುತ್ತಿದ್ದುದು ಹೇಗೆ? ವಿಜ್ಞಾನ ಪ್ರಶಿಕ್ಷಣಾರ್ಥಿಗಳು ಇಲ್ಲಿ ಕಿವಿಗೊಡಬೇಕು. ಅವರು ಹಿಗ್ಗದ ದಾರಕ್ಕೆ ಬಂದೂಕಿನ ಸೀಸದ ಗುಂಡು ಕಟ್ಟಿ ತೂಗಿಬಿಡುತ್ತಿದ್ದರು. ದಾರದ ಮೇಲೆ ಬೇರೆ ಬೇರೆ ಉದ್ದಕ್ಕೆ ಗುರುತು: 75ಕ್ಕೆ ಸುಮಾರು 25 ಇಂಚು, 108ಕ್ಕೆ 12 ಇಂಚು, 120ಕ್ಕೆ 10 ಇಂಚಿಗೆ ಸ್ವಲ್ಪ ಕಡಿಮೆ. ಗುಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದರೆ ಒಂದು ಹೆಜ್ಜೆ. ಇದು ನಮ್ಮ ಏಳನೆಯ ತರಗತಿಯ ವಿಜ್ಞಾನದ ಸರಳ ಲೋಲಕವಲ್ಲದೆ ಬೇರೇನೂ ಅಲ್ಲ. 120ರ ತಾಳವೆಂದರೆ ಹೆಜ್ಜೆಗೆ ಅರ್ಧ ಸೆಕೆಂಡ್. ಹೋಗಿ ಬರಲು ಒಂದು ಸೆಕೆಂಡ್. ಒಂದು ಸೆಕೆಂಡಿನ ಆಂದೋಲನಾವಧಿ ಬೇಕಾದರೆ ಲೋಲಕದ ಉದ್ದ ಸುಮಾರು 25 ಸೆಂ.ಮೀ. ಮೆಟ್ರೋನೋಮ್ ಬೇಡ, ಮೊಬೈಲ್ ಆ್ಯಪ್ ಬೇಡ. ಗೋಲಿ ಗಾತ್ರದ ಕಲ್ಲು, ಹೊಲಿಗೆಯ ದಾರ ಸಾಕು. ಕಲ್ಲಿನ ನಡುವಿನಿಂದ ಮೊಳೆಯವರೆಗೆ 25 ಸೆಂ.ಮೀ. ಅಳೆದು, ಸಣ್ಣದಾಗಿ ತೂಗಿಬಿಟ್ಟು, ಡ್ರಮ್ ಬಾರಿಸುವ ಹುಡುಗನಿಗೆ ಅದನ್ನು ನೋಡುತ್ತಾ ಬಾರಿಸಲು ಹೇಳಿ. ಗತಿ ಕ್ರಮೇಣ ಏರುವುದು ನಮ್ಮ ಶಾಲಾ ಡ್ರಮ್ಮುಗಳ ಸಾಮಾನ್ಯ ರೋಗ; ಲೇಜಿಮ್ ಕಲಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಎರಡು ದಿನ ಲೋಲಕದ ಮುಂದೆ ಕೂತ ಹುಡುಗನ ಕೈ ನಿಲ್ಲುತ್ತದೆ. 140ರ ರೈಫಲ್ ನಡಿಗೆ ತೋರಿಸಬೇಕೆಂದರೆ ದಾರವನ್ನು 18 ಸೆಂ.ಮೀ.ಗೆ ಇಳಿಸಿ, 70ರ ಧೀರೇ ಚಲ್‌ಗೆ 73 ಸೆಂ.ಮೀ.ಗೆ ಏರಿಸಿ. ತಾಳ ಅರ್ಧವಾದರೆ ದಾರ ನಾಲ್ಕು ಪಟ್ಟು ಬೇಕಾಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲು ಬಿಡಿ. ಸೂತ್ರ ಬರೆದು ಆಮೇಲೆ ಪ್ರಯೋಗ ಮಾಡಿಸುವ ನಮ್ಮ ಎಂದಿನ ಕ್ರಮವನ್ನು ಇಲ್ಲಾದರೂ ತಿರುಗಿಸೋಣ.

ಈಗ ಮಗುವಿನ ಕಾಲಿಗೆ ಬರೋಣ. 30 ಇಂಚು ಎಂದರೆ 76 ಸೆಂ.ಮೀ. 170 ಸೆಂ.ಮೀ. ಎತ್ತರದ ಸೈನಿಕನಿಗೆ ಇದು ಅವನ ಎತ್ತರದ ಶೇ. 45ರಷ್ಟು, ಸಹಜ ನಡಿಗೆಗೆ ಹತ್ತಿರ. 130 ಸೆಂ.ಮೀ. ಎತ್ತರದ ಹುಡುಗಿಗೆ ಅದೇ 76 ಸೆಂ.ಮೀ. ಅವಳ ಎತ್ತರದ ಶೇ. 58 ಆಗುತ್ತದೆ. ಸೈನಿಕನಿಗೆ ಶೇ. 58ರ ಹೆಜ್ಜೆ ಹಾಕಿಸಿದರೆ ಅದು 99 ಸೆಂ.ಮೀ., ಅಂದರೆ ಅವನ ದೌಡ್ ಚಲ್‌ನ 40 ಇಂಚಿಗೆ ಹೆಚ್ಚುಕಡಿಮೆ ಸಮ. ಓಟದ ಹೆಜ್ಜೆಯನ್ನು ನಡಿಗೆಯಲ್ಲಿ ಹಾಕು ಎಂದು ನಾವು ಮಗುವಿಗೆ ಹೇಳುತ್ತಿದ್ದೇವೆ. ಪರಿಣಾಮ ಮೈದಾನದಲ್ಲಿ ಕಾಣುತ್ತದೆ: ಸೊಂಟ ಮುಂದಕ್ಕೆ ಬಾಗುತ್ತದೆ, ತಲೆ ಪ್ರತಿ ಹೆಜ್ಜೆಗೂ ಏರಿಳಿಯುತ್ತದೆ, ಸಾಲು ಹಾವಿನಂತಾಗುತ್ತದೆ. ನಾವು "ಶಿಸ್ತಿಲ್ಲ" ಎನ್ನುತ್ತೇವೆ. ಮಗು ಹೇಳುವುದು, ಹೇಳುವ ಧೈರ್ಯವಿದ್ದರೆ: "ಸರ್, ಅಷ್ಟು ದೂರ ಕಾಲು ಹೋಗಂಗಿಲ್ರಿ."

ಸೈನಿಕನ ಪ್ರಮಾಣವನ್ನೇ ಆ ಹುಡುಗಿಗೆ ಕೊಟ್ಟರೆ ಸುಮಾರು 58 ಸೆಂ.ಮೀ. ಬರುತ್ತದೆ, 23 ಇಂಚು. ಸ್ಟೂಬೆನ್ನನ 24ಕ್ಕೆ ಒಂದೇ ಇಂಚು ಕಡಿಮೆ. ಹಾಗಾದರೆ ತಾಳವನ್ನೂ ಇಳಿಸಬೇಕೆ? ಬಹಳಷ್ಟು ಪ್ರಶಿಕ್ಷಣಾರ್ಥಿಗಳು ಹಾಗೆಯೇ ಮಾಡುತ್ತಾರೆ. ಚಿಕ್ಕವರು, ನಿಧಾನ ನಡೆಯಲಿ ಎಂದು ಡ್ರಮ್ಮನ್ನು 100ಕ್ಕೆ ತರುತ್ತಾರೆ. ಇದು ಉಲ್ಟಾ. ದಾರ ಗಿಡ್ಡವಾದರೆ ಲೋಲಕ ಬೇಗ ತೂಗುತ್ತದೆಯಲ್ಲವೇ? ಕಾಲೂ ಹೆಚ್ಚುಕಡಿಮೆ ಹಾಗೆಯೇ. ಗಿಡ್ಡ ಕಾಲಿನ ಸಹಜ ತಾಳ ಉದ್ದ ಕಾಲಿಗಿಂತ ಚುರುಕು. ಅಪ್ಪನ ಕೈಹಿಡಿದು ಸಂತೆಗೆ ಹೊರಟ ಮಗುವನ್ನು ನೋಡಿದರೆ ಗೊತ್ತಾಗುತ್ತದೆ. 120 ಮಕ್ಕಳಿಗೆ ಕಷ್ಟದ ತಾಳವಲ್ಲ. ತಾಳವನ್ನು ಮುಟ್ಟಬೇಡಿ, ಉದ್ದವನ್ನು ಇಳಿಸಿ. ಬ್ಯಾಂಡಿನ ಹಾಡು ಹಾಗೆಯೇ ಇರಲಿ. ವೇದಿಕೆ ದಾಟಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ.

ತುಕಡಿಗೆ ಒಂದು ಉದ್ದ ನಿಗದಿ ಮಾಡುವಾಗ ಸರಾಸರಿ ಎತ್ತರವನ್ನು ಹಿಡಿಯಬೇಡಿ. ಗಿಡ್ಡ ಮಕ್ಕಳಿಗೆ ಸುಖವಾಗುವ ಉದ್ದವನ್ನೇ ಹಿಡಿಯಿರಿ. ಎತ್ತರದವನು ಹೆಜ್ಜೆ ಗಿಡ್ಡ ಮಾಡಬಲ್ಲ, ಗಿಡ್ಡನವನು ಹಿಗ್ಗಿಸಲಾರ. ಸೇನೆಯ ಕವಾಯತು ಉಸ್ತಾದರ ಕೈಯಲ್ಲಿ ಪೇಸ್ ಸ್ಟಿಕ್ ಇರುತ್ತದೆ, ಕೈವಾರದಂತೆ ಎರಡು ಕಾಲು ಬಿಚ್ಚಿಕೊಳ್ಳುವ ಕೋಲು. ಅದನ್ನು ಬೇಕಾದ ಉದ್ದಕ್ಕೆ ತೆರೆದು ನೆಲದ ಮೇಲೆ ತಿರುಗಿಸುತ್ತಾ ಹೋದರೆ ಹೆಜ್ಜೆಯ ಅಳತೆ ಸಿಗುತ್ತದೆ. ನಮಗೆ ತೊಗರಿ ಕಟ್ಟಿಗೆ ಸಾಕು. ನೇರವಾದದ್ದೊಂದನ್ನು 58 ಸೆಂ.ಮೀ.ಗೆ ಕತ್ತರಿಸಿ, 20 ಮೀಟರ್ ಉದ್ದಕ್ಕೆ ಆ ಕಟ್ಟಿಗೆಯಿಂದ ಅಳೆಯುತ್ತಾ ಸುಣ್ಣದ ಪುಡಿಯ ಅಡ್ಡಗೆರೆ ಹಾಕಿ. ಮಕ್ಕಳು ಮೊದಲು ಡ್ರಮ್ಮಿಲ್ಲದೆ ಗೆರೆಯಿಂದ ಗೆರೆಗೆ ನಡೆಯಲಿ, ಆಮೇಲೆ ತಾಳಕ್ಕೆ, ಆಮೇಲೆ ಗೆರೆ ಅಳಿಸಿ. ಮೂರನೆಯ ದಿನಕ್ಕೆ ಉದ್ದ ಕಾಲಿಗೆ ಹತ್ತಿರುತ್ತದೆ.

ತಿರುವಿನಲ್ಲಿ ಸಾಲು ಒಡೆಯುವುದಕ್ಕೂ ಉದ್ದವೇ ಕಾರಣ. ಮೂರು ಸಾಲಿನ ತುಕಡಿ, ಸಾಲುಗಳ ನಡುವೆ 75 ಸೆಂ.ಮೀ. ಇದೆ ಎಂದುಕೊಳ್ಳಿ. ಮೈದಾನದ ಮೂಲೆಯಲ್ಲಿ ಕಾಲು ವೃತ್ತ ತಿರುಗುವಾಗ ಹೊರಗಿನ ಸಾಲು ಒಳಗಿನದಕ್ಕಿಂತ ಸುಮಾರು 2.4 ಮೀಟರ್ ಹೆಚ್ಚು ನಡೆಯಬೇಕು. 12 ಹೆಜ್ಜೆಯಲ್ಲಿ ತಿರುವು ಮುಗಿಯುವುದಾದರೆ ಪ್ರತಿ ಹೆಜ್ಜೆಗೂ 20 ಸೆಂ.ಮೀ. ವ್ಯತ್ಯಾಸ. ತಾಳ ಎಲ್ಲರಿಗೂ ಒಂದೇ, ಆದ್ದರಿಂದ ಒಳಗಿನವರು ಹೆಜ್ಜೆ ಕುಗ್ಗಿಸಲೇಬೇಕು. ಇದನ್ನು ಹೇಳಿಕೊಡದೆ "ಸಾಲು ನೋಡ್ರಿ, ಸಾಲು ನೋಡ್ರಿ" ಎಂದು ಕೂಗಿದರೆ ಪ್ರಯೋಜನವಿಲ್ಲ. ಎತ್ತರದ ಮಕ್ಕಳನ್ನು ಹೊರ ಸಾಲಿಗೆ ಹಾಕುವುದು ಒಂದು ಉಪಾಯ, ಮೈದಾನವನ್ನು ಯಾವ ದಿಕ್ಕಿಗೆ ಸುತ್ತುತ್ತೀರಿ ಎಂಬುದು ಮೊದಲೇ ಗೊತ್ತಿದ್ದರೆ. ಎಂಟನೆಯ ತರಗತಿಯ ಗಣಿತದವರಿಗೆ ಕಂಸದ ಉದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಡ್ರಮ್ ಎಲ್ಲಿ ನಿಲ್ಲಬೇಕು ಎಂಬುದನ್ನೂ ಯೋಚಿಸಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ದೂರ ಇದ್ದವನಿಗೆ ಪೆಟ್ಟು 0.1 ಸೆಕೆಂಡ್ ತಡವಾಗಿ ಕೇಳುತ್ತದೆ. 60 ಮೀಟರ್ ದೂರದಲ್ಲಿ 0.18 ಸೆಕೆಂಡ್, ಹೆಜ್ಜೆಯ ಅವಧಿಯೇ ಅರ್ಧ ಸೆಕೆಂಡ್ ಇರುವಾಗ ಇದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. 170 ಮೀಟರ್ ದೂರವಾದರೆ ಪೂರಾ ಒಂದು ಹೆಜ್ಜೆ ತಡ, ಮುಂದಿನವರ ಎಡಕ್ಕೆ ಹಿಂದಿನವರ ಬಲ. ಜಿಲ್ಲಾ ಕ್ರೀಡಾಂಗಣದಲ್ಲಿ ಹಲವು ಶಾಲೆಗಳ ತುಕಡಿಗಳು ಒಂದೇ ಬ್ಯಾಂಡಿಗೆ ಸಾಗುವಾಗ ದೂರದಿಂದ ಕಾಲುಗಳಲ್ಲಿ ಅಲೆ ಎದ್ದಂತೆ ಕಾಣುವುದು ಇದರಿಂದ. ಅದು ಮಕ್ಕಳ ತಪ್ಪಲ್ಲ, ಶಬ್ದದ ವೇಗ. ಶಾಲೆಯ ಮೈದಾನದಲ್ಲಿ ಡ್ರಮ್ಮಿನವನನ್ನು ಧ್ವಜಸ್ತಂಭದ ಬಳಿ ನಿಲ್ಲಿಸುವ ಬದಲು ತುಕಡಿಗಳ ನಡುವೆ ನಡೆಸಿದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ‘ಕವಾಯತು’ ಎಂಬ ನಮ್ಮ ಪದ ಅರಬ್ಬಿಯ ‘ಕವಾಇದ್’ನಿಂದ ಉರ್ದುವಿನ ಮೂಲಕ ಬಂದದ್ದು, ಮೂಲ ಅರ್ಥ ನಿಯಮಗಳು, ವ್ಯಾಕರಣಕ್ಕೂ ಅದೇ ಪದ. ಆಜ್ಞೆಗಳು ಹಿಂದಿಯಲ್ಲಿವೆ, ಎನ್‌ಸಿಸಿಯಿಂದ ಶಾಲೆಯವರೆಗೂ. ಇದರಲ್ಲಿ ‘ಸಾವಧಾನ್’ ಮಾತ್ರ ಕನ್ನಡದ ಮಗುವಿಗೆ ಗೊಂದಲ ತರುವ ಪದ. ನಮಗೆ ಸಾವಧಾನವೆಂದರೆ ನಿಧಾನ, ಅವಸರವಿಲ್ಲದಿರುವುದು. ಆಜ್ಞೆಯಲ್ಲಿ ಅದು ಎಚ್ಚರ, ಮೈ ಬಿಗಿ. ಮದುವೆಯಲ್ಲಿ ಅಕ್ಷತೆ ಹಾಕುವ ಮುಂಚೆ "ಸಾವಧಾನ" ಎಂದು ಕೂಗುವುದನ್ನು ನಮ್ಮ ಕಡೆಯ ಮಕ್ಕಳೆಲ್ಲ ಕೇಳಿದ್ದಾರೆ. ಅಲ್ಲಿಯ ಅರ್ಥವೇ ಇಲ್ಲಿಯದು ಎಂದರೆ ತಟ್ಟನೆ ತಿಳಿಯುತ್ತದೆ. ಮನೆಗೆ ಬಲಗಾಲಿಟ್ಟು ಬರಬೇಕೆಂದು ಕಲಿತ ಮಗು ತೇಜ್ ಚಲ್‌ಗೆ ಎಡಗಾಲು ಮೊದಲು ಇಡಬೇಕು ಎಂಬುದನ್ನೂ ಒಮ್ಮೆ ನಗುತ್ತಲೇ ಹೇಳಿಬಿಡಿ.

ಕನ್ನಡ ನಾಡಿನಲ್ಲಿ ಶಾಲೆ ಮಕ್ಕಳ ಕವಾಯತಿಗೆ ಸೇನೆಯೊಂದೇ ಮೂಲವಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಅದರ ಸ್ವಯಂಸೇವಕರು ದುಡಿದರು. ಆ ಪರಂಪರೆಯ ಭಾರತ ಸೇವಾದಳ ಇಂದಿಗೂ ನಮ್ಮ ಶಾಲೆಗಳಲ್ಲಿದೆ. ಎನ್‌ಸಿಸಿ ಆರಂಭವಾದದ್ದು 1948ರ ಜುಲೈನಲ್ಲಿ, ಯಾದಗಿರಿ ಇನ್ನೂ ನಿಜಾಮರ ಆಡಳಿತದಲ್ಲಿದ್ದಾಗ. ಆಯುಧವಿಲ್ಲದ ಸ್ವಯಂಸೇವಕರ ಸಾಲಿಗೆ ಹೆಜ್ಜೆ ಬೇಕಾದದ್ದು ಯುದ್ಧಕ್ಕಲ್ಲ, ಸಾವಿರಾರು ಜನ ಸೇರಿದ ಕಡೆ ಒಟ್ಟಾಗಿ ಚಲಿಸುವುದಕ್ಕೆ. ಶಾಲೆಯ ಪಥಸಂಚಲನ ನನ್ನ ದೃಷ್ಟಿಯಲ್ಲಿ ಇದಕ್ಕೆ ಹತ್ತಿರ.

ಹಾಗೆ ಒಪ್ಪಿದರೆ ಅಂಕ ಕೊಡುವ ಕ್ರಮವೂ ಬದಲಾಗಬೇಕು. ತಾಲ್ಲೂಕು ಮಟ್ಟದಲ್ಲಿ ಬಹುಮಾನ ಕೊಡುವಾಗ ದೊಡ್ಡ ಹೆಜ್ಜೆ, ಮೊಣಕಾಲೆತ್ತಿ ನೆಲಕ್ಕೆ ಅಪ್ಪಳಿಸುವ ಹಿಮ್ಮಡಿ, ಇವಕ್ಕೆ ಚಪ್ಪಾಳೆ ಹೆಚ್ಚು. 8ರಿಂದ 14 ವರ್ಷದ ಮಕ್ಕಳಲ್ಲಿ ಹಿಮ್ಮಡಿಯ ಎಲುಬಿನ ಬೆಳೆಯುವ ಭಾಗ ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ಮೇಲಿಂದ ಮೇಲೆ ಗಟ್ಟಿ ನೆಲದ ಪೆಟ್ಟು ಬಿದ್ದರೆ ಅಲ್ಲಿ ನೋವು ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ವಾರಗಟ್ಟಲೆ. ನಮ್ಮ ಮಕ್ಕಳಲ್ಲಿ ಹಲವರು ತೆಳು ಚಪ್ಪಲಿಯಲ್ಲಿ ಅಥವಾ ಬರಿಗಾಲಲ್ಲಿ ಸಿಮೆಂಟಿನ ಅಂಗಳದಲ್ಲಿ ಇದನ್ನು ಮಾಡುತ್ತಾರೆ. ಅಪ್ಪಳಿಸುವುದು ಕವಾಯತಿಗೆ ಅನಿವಾರ್ಯವೂ ಅಲ್ಲ. ಅಮೆರಿಕದ ಕವಾಯತಿನಲ್ಲಿ ಅದು ಇಲ್ಲ. ಅಭ್ಯಾಸ ಮಣ್ಣಿನ ನೆಲದಲ್ಲಿ, ಬಿಸಿಲೇರುವ ಮುನ್ನ, 20 ನಿಮಿಷ ಮೀರದಂತೆ ಇರಲಿ. ನಮ್ಮ ಕಾಲೇಜಿನ ವೀಕ್ಷಣಾ ನಮೂನೆಯಲ್ಲಿ ಇನ್ನು ಮುಂದೆ ಹೆಜ್ಜೆಯ ಗಾತ್ರಕ್ಕಲ್ಲ, ತುಕಡಿಯೊಳಗೆ ಉದ್ದ ಎಷ್ಟು ಸಮವಾಗಿದೆ ಎಂಬುದಕ್ಕೆ ಅಂಕ ಇರಬೇಕೆಂದು ನಾನು ಕೇಳಿಕೊಂಡಿದ್ದೇನೆ. ಸಹೋದ್ಯೋಗಿಗಳಲ್ಲಿ ಕೆಲವರು ಒಪ್ಪಿಲ್ಲ. ಇದರಿಂದ ಸೇನೆಯ ಗತ್ತು ಹೋಗುತ್ತದೆ ಎನ್ನುತ್ತಾರೆ. ಅವರ ವಾದ ಮುಂದಿನ ಸಂಚಿಕೆಯಲ್ಲಿ ಬಂದರೆ ಸಂತೋಷ.

ಕುಂಟುತ್ತಾ ನಡೆಯುವ ಮಗುವನ್ನು ತುಕಡಿಯಿಂದ ಹೊರಗಿಟ್ಟು ನೀರಿನ ಕೊಡ ಕಾಯಲು ಕೂರಿಸುವ ಪದ್ಧತಿ ಇನ್ನೂ ಹೋಗಿಲ್ಲ. ಇಂಥ ಮಗುವಿಗೆ ಸಾಮಾನ್ಯವಾಗಿ ಕಷ್ಟವಾಗುವುದು ಉದ್ದ, ತಾಳವಲ್ಲ. ತುಕಡಿಯ ಉದ್ದವನ್ನು ಆ ಮಗುವಿಗೆ ಹೊಂದುವಂತೆ ಇಳಿಸಲು ಆದರೆ ಇಳಿಸಿ, ತಿರುವಿನ ಒಳ ಸಾಲಿನಲ್ಲಿ ನಿಲ್ಲಿಸಿ. ಅಲ್ಲಿ ಎಲ್ಲರ ಹೆಜ್ಜೆಯೂ ಗಿಡ್ಡವೇ. ಅದೂ ಆಗದಿದ್ದರೆ ತಾಳ ಕೊಡುವ ಕೆಲಸ ಅವರದಾಗಲಿ, ಕನಿಕರಕ್ಕಲ್ಲ, ಲೋಲಕದ ಮುಂದೆ ಕೂತು ಕೈ ಕೂಡಿಸಿಕೊಂಡ ಮೇಲೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಪಾಠಗಳಲ್ಲಿ ಸಮಾನ ಅವಕಾಶವನ್ನು ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾವು ಕೇಳಬೇಕಿತ್ತು.

ಈ ಪಾಠವನ್ನು ಯೋಜಿಸುವವರು ‘ಕಲಿಕೋಪಕರಣ’ದ ಅಂಕಣದಲ್ಲಿ ಬರೆಯಬೇಕಾದದ್ದು ಇಷ್ಟು: ಹೊಲಿಗೆಯ ದಾರ, ಒಂದು ಕಲ್ಲು, ಅಳತೆಯ ಟೇಪು, ತೊಗರಿ ಕಟ್ಟಿಗೆ, ಒಂದು ಬೊಗಸೆ ಸುಣ್ಣದ ಪುಡಿ, ಸೆಕೆಂಡ್ ತೋರಿಸುವ ಗಡಿಯಾರ. ಗಣಿತ, ವಿಜ್ಞಾನ, ದೈಹಿಕ ಶಿಕ್ಷಣ ಮೂರಕ್ಕೂ ಸೇರಿಸಿ ಎರಡು ಅವಧಿ ಸಾಕಾಗುತ್ತದೆ. ಮೊದಲ ಅವಧಿಯಲ್ಲಿ ಪ್ರತಿ ಮಗುವೂ ತನ್ನ ಎತ್ತರ ಮತ್ತು 10 ಸಹಜ ಹೆಜ್ಜೆಗಳ ಒಟ್ಟು ದೂರವನ್ನು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳಲಿ. ತುಕಡಿಯ ಹೆಜ್ಜೆಯ ಉದ್ದವನ್ನು ಎರಡನೆಯ ಅವಧಿಯಲ್ಲಿ ಆ ಸಂಖ್ಯೆಗಳನ್ನು ನೋಡಿ ಅವರೇ ನಿರ್ಧರಿಸಲಿ.